ವಿದೇಶಿ ಗಂಡ, ಸ್ವದೇಶಿ ದೇಣಿಗೆ

ನ್ಯೂಜೆರ್ಸಿಯಲ್ಲಿ ಮಂಡ್ಯದ ಕಡೆಯವರು ನಾಲ್ಕು ಜನ ಸೇರಿದರೆ ಮೊದಲು ಮುದ್ದೆಯ ಮಾತು, ಆಮೇಲೆ ಕಾವೇರಿಯ ಮಾತು, ಕೈ ತೊಳೆದ ಮೇಲೆ ‘ಊರಿಗೇನಾದ್ರೂ ಮಾಡ್ಬೇಕು ಕಣ್ರೀ’ ಎಂಬ ಮಾತು. ಮೊದಲೆರಡರಿಂದ ಯಾರಿಗೂ ಖರ್ಚಿಲ್ಲ. ಮೂರನೆಯದು ಹೋದ ವರ್ಷ ನಮ್ಮ ಮನೆಯ ಬೇಸ್‌ಮೆಂಟಿನಲ್ಲೇ ಹುಟ್ಟಿತು. ಎಲೆಯಡಿಕೆ ಮುಗಿಯುವಷ್ಟರಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಸರ್ಕಾರಿ ಶಾಲೆ ಮಕ್ಕಳಿಗೆ ಪ್ರತಿಭಾ ಪುರಸ್ಕಾರ, ತಾಲ್ಲೂಕಿಗೊಬ್ಬ ಸಾಧಕರಿಗೆ ಪ್ರಶಸ್ತಿ ಎಂದು ತೀರ್ಮಾನವೂ ಆಗಿಹೋಯಿತು. ಮಂಡ್ಯ, ಮದ್ದೂರು, ಮಳವಳ್ಳಿ ಏನು ಪಾಪ ಮಾಡಿದ್ದವು ಅಂತ ಕೇಳಬೇಡಿ. ಆ ತಾಲ್ಲೂಕಿನವರು ಅವತ್ತು ಊಟಕ್ಕೆ ಬಂದಿರಲಿಲ್ಲ.

ದುಡ್ಡು ಕೇಳಲು ನಾಚದ ಗಂಡಸೊಬ್ಬ ಬೇಕೆಂದು ಹುಡುಕಿ ನಮ್ಮವರನ್ನು ಪ್ರಾಯೋಜಕತ್ವದ ಸಂಚಾಲಕರನ್ನಾಗಿ ಮಾಡಿದರು. ಇವರೋ, ಕೊಟ್ಟ ಸಾಲವನ್ನೇ ವಾಪಸ್ ಕೇಳದ ಮಹಾನುಭಾವರು.

ಮೊದಲ ಬೇಟೆ ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ. ಪ್ಲಾಟಿನಂ, ಗೋಲ್ಡ್, ಸಿಲ್ವರ್ ಅಂತ ಮೂರು ದರ್ಜೆ ಮಾಡಿ, ಬಣ್ಣದ ಹಾಳೆ ಮುದ್ರಿಸಿಕೊಂಡು ಹೊರಟರು. ಮನೆ ಮಾರಿಸುವ ಏಜೆಂಟೊಬ್ಬರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಅಲ್ರೀ, ಕಿಕ್ಕೇರೀಲಿ ನನ್ನ ಫೋಟೊ ಬ್ಯಾನರ್ ಹಾಕಿದ್ರೆ ನನಗೇನು ಬಂತು? ಅಲ್ಲಿಯವರು ಇಲ್ಲಿ ಮನೆ ತಗೋತಾರಾ?’ ಅಂದರಂತೆ. ‘ಖಂಡಿತ ತಗೋತಾರೆ ಸಾರ್, ಆ ಮಕ್ಕಳು ದೊಡ್ಡೋರಾಗ್ಲಿ’ ಅಂದರಂತೆ ಇವರು. ಪುಣ್ಯಾತ್ಮರು ನಕ್ಕು ಸಿಲ್ವರ್ ಆದರು. ಸಿಲ್ವರ್‌ಗೆ ಬ್ಯಾನರಿನಲ್ಲಿ ಹೆಸರು ಮಾತ್ರ, ಫೋಟೊ ಇಲ್ಲ. ಮರುದಿನವೇ ಫೋನು: ‘ಹೆಸರು ಬೇಡ, ಫೋಟೊ ಹಾಕಿ.’

ದೊಡ್ಡ ಗಿರಾಕಿಗಳಿಗೆ ಸ್ವಂತ ಹೆಸರೂ ಸಾಲದು, ಪ್ರಶಸ್ತಿಗೆ ತೀರಿಹೋದ ತಂದೆಯವರ ಹೆಸರೂ ಬೇಕು. ಆದರೆ ನಮ್ಮ ಕಡೆ ಮೊದಲೇ ಸಾಹಿತಿಗಳ ಹೆಸರುಗಳ ನೂಕುನುಗ್ಗಲು. ಮೇಲುಕೋಟೆಯ ಪು.ತಿ.ನ. ಇಲ್ಲದೆ ಪಾಂಡವಪುರದವರು ಒಪ್ಪಲ್ಲ. ಕೆ.ಆರ್. ಪೇಟೆಯವರು ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರನ್ನು ಬಿಟ್ಟುಕೊಡಲ್ಲ. ಬೆಳ್ಳೂರು ನಮ್ಮದು, ಹಾಗಾಗಿ ಬಿ.ಎಂ.ಶ್ರೀ. ನಮ್ಮವರು, ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರಂತೂ ನಮ್ಮ ಹೆರಗನಹಳ್ಳಿಯವರೇ ಅಂತ ನಾಗಮಂಗಲದವರು ಎದ್ದರು. ನನಗಿಷ್ಟವಾದವರು ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು, 1900ರಲ್ಲಿ ಹುಟ್ಟಿ 2003ರವರೆಗೆ ಬಾಳಿ, ನಗುನಗುತ್ತಲೇ ಪ್ರಬಂಧ ಬರೆದವರು. ಅವರ ಹೆಸರು ಎತ್ತಿದೆ. ಗೋಲ್ಡ್ ದಾನಿಯೊಬ್ಬರು, ‘ದೇವರೇ ಇಲ್ಲ ಅಂತ ಬರೆದೋರಲ್ವಾ ಅವ್ರು? ನಮ್ಮಪ್ಪ ದೇವಸ್ಥಾನದ ಧರ್ಮದರ್ಶಿ. ಇಬ್ರನ್ನೂ ಒಂದೇ ಫಲಕದ ಮೇಲೆ ಹೆಂಗೆ ಕೂರಿಸ್ತೀರಿ?’ ಅಂದರು. ಮೂರ್ತಿರಾಯರು ಇದ್ದಿದ್ದರೆ ಈ ಪ್ರಶ್ನೆಯನ್ನೇ ಒಂದು ಪ್ರಬಂಧ ಮಾಡುತ್ತಿದ್ದರು. ಕೊನೆಗೆ ಯಾವ ಸಾಹಿತಿಯ ಹೆಸರೂ ಬೇಡ ಅಂತಾಯಿತು.

ಇದನ್ನೆಲ್ಲ ಕಂಡು ಇವರು ‘ಕಾಲ ಕೆಟ್ಟೋಯ್ತು’ ಅಂತ ಕೂತಾಗ ನಾನು ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟ ತೆಗೆದು ಮುಂದಿಟ್ಟೆ. ಪರಿಷ್ಕೃತ ಆವೃತ್ತಿ; ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಶಾಸನಗಳು ಅದರಲ್ಲಿವೆ. ಯಾವ ಪುಟ ತೆಗೆದರೂ ಪ್ರಾಯೋಜಕರೇ. ದಾನಿಯ ಬಿರುದು, ಅವರಪ್ಪನ ಬಿರುದು, ಕೊಟ್ಟ ಗದ್ದೆಯ ಚತುಸ್ಸೀಮೆ, ಸೂರ್ಯಚಂದ್ರರಿರುವ ತನಕ ಇದು ನಡೆಯಬೇಕೆಂಬ ಷರತ್ತು. ಕೊನೆಗೆ, ಈ ಧರ್ಮವನ್ನು ಕೆಡಿಸಿದವನು ಗಂಗೆಯ ತಡಿಯಲ್ಲಿ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿರುತ್ತಾನೆ ಎಂಬ ಶಾಪ. ನಮ್ಮ ಪ್ಲಾಟಿನಂ ದಾನಿಗಳು ಶಾಪವನ್ನಂತೂ ಹಾಕಿಲ್ಲವಲ್ಲ! ಇನ್ನು ಪ್ರಶಸ್ತಿಯ ವಿಷಯಕ್ಕೆ ಬಂದರೆ, ನಾವು ಕೈಬಿಟ್ಟ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಾವಿರ ವರ್ಷದ ಹಿಂದೆಯೇ ಒಂದು ನಾಯಿಗೆ ಗೌರವ ಸಂದಿದೆ. 949ರ ತಕ್ಕೋಲದ ಯುದ್ಧ ಗೆದ್ದ ಮೇಲೆ ಮಣಲೆರನೆಂಬ ವೀರ ದೊರೆಯ ಹತ್ತಿರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯ ಜೊತೆ ಕಾದಾಡಿ ಸತ್ತಿತು. ಅದಕ್ಕೆ ಕಲ್ಲು ನೆಡಿಸಿ ಭೂಮಿ ಬಿಟ್ಟರು. ಕಾಳಿಗಾದರೂ ಶಿಫಾರಸು ಪತ್ರ ಬೇಕಿರಲಿಲ್ಲ.

ಅಂತೂ ದುಡ್ಡು ಕೂಡಿತು. ಈಗ ಅದನ್ನು ಊರಿಗೆ ದಾಟಿಸಬೇಕಲ್ಲ? ಅಲ್ಲಿ ಕಾರ್ಯಕ್ರಮ ನಡೆಸುವ ಟ್ರಸ್ಟಿನ ಆಡಿಟರು ಫೋನಿನಲ್ಲಿ ಮೊದಲು ಕೇಳಿದ ಪ್ರಶ್ನೆ: ‘ಯಾವ ಪಾಸ್‌ಪೋರ್ಟು?’ ಅಮೆರಿಕದ ಪೌರರಾದವರು ಕೊಟ್ಟರೆ ಅದು ವಿದೇಶಿ ದೇಣಿಗೆ. ಓಸಿಐ ಕಾರ್ಡಿದ್ದರೂ ಅಷ್ಟೆ. ಅದನ್ನು ಪಡೆಯಲು ಟ್ರಸ್ಟಿಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರಬೇಕು, ಇಲ್ಲವೇ ಕೇಂದ್ರದ ಪೂರ್ವಾನುಮತಿ. ನೋಂದಣಿ ಬೇಕಾದರೆ ಟ್ರಸ್ಟಿಗೆ ಮೂರು ವರ್ಷ ವಯಸ್ಸಾಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ಅದೂ ಆದರೆ, 2020ರ ತಿದ್ದುಪಡಿಯ ಪ್ರಕಾರ ದುಡ್ಡು ಮೊದಲು ಇಳಿಯಬೇಕಾದ್ದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ. ಚಿನಕುರಳಿಯ ಹುಡುಗಿಯ ಬಹುಮಾನ ಪಾರ್ಲಿಮೆಂಟಿಗೆ ಪ್ರದಕ್ಷಿಣೆ ಹಾಕಿ ಬರಬೇಕು! ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಮಾತ್ರ ಈ ಯಾವ ತಾಪತ್ರಯವೂ ಇಲ್ಲ.

ನಮ್ಮ ದಾನಿಗಳ ಪಟ್ಟಿ ನೋಡಿದೆವು. ದೊಡ್ಡ ಮನೆ, ದೊಡ್ಡ ಕಾರಿನವರೆಲ್ಲ ಅಮೆರಿಕನ್ನರಾಗಿ ಎಷ್ಟೋ ಕಾಲವಾಗಿದೆ. ಭಾರತದ ಪಾಸ್‌ಪೋರ್ಟ್ ಇರುವ ಹುಡುಗರೆಲ್ಲ ಎಚ್-1ಬಿಯವರು. ಬಾಡಿಗೆ ಕಟ್ಟಿ, ವಕೀಲರಿಗೆ ಕೊಟ್ಟು, ಮಿಕ್ಕಿದರೆ ಊರಿಗೆ ಟಿಕೆಟ್ಟು. ಇವರು ನನ್ನ ಕಡೆ ತಿರುಗಿದರು. ನಮ್ಮನೆಯಲ್ಲಿ ಇವರು ಅಮೆರಿಕದ ಪೌರರು. ನನ್ನದು ಗ್ರೀನ್ ಕಾರ್ಡು, ಪಾಸ್‌ಪೋರ್ಟಿನ ಮೇಲೆ ಇನ್ನೂ ಸಿಂಹದ ಮುದ್ರೆ. ‘ನಾಳೆ ಮಾಡಿಸೋಣ, ನಾಡಿದ್ದು ಮಾಡಿಸೋಣ’ ಅಂತ ನಾನು ಪೌರತ್ವ ಮುಂದೂಡಿದ್ದಕ್ಕೆ ವರ್ಷಗಟ್ಟಲೆ ಬೈಸಿಕೊಂಡಿದ್ದೆ. ಕೂಡಿಸಿದ ಡಾಲರೆಲ್ಲ ಇಲ್ಲಿನ ಕನ್ನಡ ಕೂಟದ ಮಕ್ಕಳಿಗೆ ಹೋಯಿತು. ಊರಿನ ಪುರಸ್ಕಾರದ ಏಕೈಕ ಪ್ರಾಯೋಜಕಿ ನಾನು, ನನ್ನ ಸಂಬಳದಿಂದ.

ಊರಿನ ಕಡೆಯ ವಸೂಲಿ ನಮ್ಮ ಅತ್ತೆಯವರದು. ಅಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ‘ಕಬ್ಬಿನ ಬಿಲ್ ಬರ್ಲಿ ಕಣವ್ವ, ನಾನೇ ತಂದ್ಕೊಡ್ತೀನಿ’ ಅನ್ನುತ್ತಾರೆ. ಆ ಬಿಲ್ಲು ಬರುವ ಹೊತ್ತಿಗೆ ಪ್ರಶಸ್ತಿ ಪಡೆದ ಮಕ್ಕಳಿಗೆ ಮದುವೆಯಾಗಿರುತ್ತದೆ. ಹಾಗಾಗಿ ಅತ್ತೆ ರೊಕ್ಕ ಕೇಳುವುದನ್ನೇ ಬಿಟ್ಟು ಸಾಮಾನು ಕೇಳಿದರು. ಒಬ್ಬರಿಂದ ಅಕ್ಕಿ, ಇನ್ನೊಬ್ಬರಿಂದ ಶಾಮಿಯಾನ, ಆಲೆಮನೆಯವರಿಂದ ಪಾಯಸಕ್ಕೆ ಬೆಲ್ಲ. ಪ್ಲಾಟಿನಂ ಹಾಳೆಯಿಲ್ಲದೆ ಸಾವಿರ ಜನರ ಊಟಕ್ಕೆ ದಾರಿಯಾಯಿತು.

ದಾನಿಯಾದ ಮೇಲೆ ನನಗೂ ಷರತ್ತು ಹಾಕುವ ಚಪಲ ಬಂತು. ಭಾಷಣ ಐದು ನಿಮಿಷ. ಮಕ್ಕಳ ತಾಯಂದಿರಿಗೆ ಮುಂದಿನ ಸಾಲು. ಮಕ್ಕಳಿಗೆ ಶಾಲು ಬೇಡ, ಪುಸ್ತಕ. ಅತ್ತೆ ಎಲ್ಲಕ್ಕೂ ‘ಊಂ’ ಅಂದು, ‘ದುಡ್ ಕಳ್ಸು ಮಗಾ, ಮಿಕ್ಕಿದ್ದ ನಾನ್ ನೋಡ್ಕತೀನಿ’ ಅಂದರು.

ನೋಡಿಕೊಂಡರು. ಫ್ಲೆಕ್ಸಿನಲ್ಲಿ ನನ್ನ ಹೆಸರಿತ್ತು, ಫೋಟೊ ಮಾತ್ರ ಅವರ ಮಗನದು. ಕೋಟು, ಟೈ, ಹಿಂದೆ ನಯಾಗರಾ. ಹಿಂದಿನ ಸಂಜೆ ಆಡಿಟರು ಅದನ್ನು ಕಂಡವರೇ ಹೌಹಾರಿ, ‘ವಿದೇಶಿಯರ ಮುಖ ಹಾಕಿದ್ದೀರಲ್ರೀ, ನಾಳೆ ಲೆಕ್ಕ ಕೇಳಿದ್ರೆ ಏನ್ ಹೇಳ್ಲಿ?’ ಅಂತ ಕೂಗಾಡಿದರಂತೆ. ರಾತ್ರೋರಾತ್ರಿ ಇವರ ಮುಖದ ಮೇಲೆ ಕಾಗದ ಅಂಟಿಸಿದರು.

ಅಲ್ಲಿ ಬೆಳಗ್ಗೆ ಹನ್ನೊಂದು, ಇಲ್ಲಿ ರಾತ್ರಿ ಒಂದೂವರೆ. ಇವರು ಪಂಚೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ತೆರೆಯ ಮೇಲಿನ ಫ್ಲೆಕ್ಸಿನಲ್ಲಿ ಕಾಗದದ ಕೆಳಗೆ ಟೈ ಮಾತ್ರ ಇಣುಕುತ್ತಿತ್ತು. ವೇದಿಕೆಯಲ್ಲಿ ಯಾರೋ ಮುಖಂಡರು ಐದು ನಿಮಿಷದ ಭಾಷಣದ ನಲವತ್ತನೇ ನಿಮಿಷದಲ್ಲಿದ್ದರು; ಅತ್ತೆ ಮುಂದಿನ ಸಾಲಿನಿಂದೆದ್ದು ಹೋಗಿ, ‘ಅಪ್ಪಾ, ಸಾರು ತಣ್ಗಾಯ್ತದೆ’ ಅಂತ ಮೈಕಿಗೇ ಕೇಳುವಂತೆ ಅಂದರು. ಸಭೆಯೆಲ್ಲ ಚಪ್ಪಾಳೆ.

‘ಬರೋ ವರ್ಷ ನಿಂದೂ ಸಿಟಿಜನ್‌ಶಿಪ್ ಮಾಡಿಸ್ಬಿಡೋಣ’ ಅಂದರು ಇವರು.

‘ನಾಡಿದ್ದು ನೋಡೋಣ’ ಅಂದೆ.