ಕದ್ದ ಶ್ರೀಕಾರ

"ಜ್ವರ ಬಿಡ್ತಾ ಮೇಷ್ಟ್ರೇ?" ಬೇಲಿಯಾಚೆ ದಾಸವಾಳ ಬಿಡಿಸುತ್ತಿದ್ದ ಅಕ್ಕ ಕೇಳಿದರು. ಮಫ್ಲರ್ ಬಿಗಿ ಮಾಡಿಕೊಂಡು ಹತ್ತಿರ ಹೋದೆ.

"ಬಿಡ್ತು ಅಕ್ಕ. ಫ್ಲೂ ಅಂತೆ. ಮಹಾ ಕಳ್ಳ ವೈರಸ್ಸು."

"ನಿಮ್ಮನೇಲಿ ಕದಿಯೋಕೆ ಏನಿದೆ ಅಂತ ಬಂತು?"

"ಶ್ರೀಕಾರ!"

ಅಕ್ಕ ಹೂಬುಟ್ಟಿ ಕೆಳಗಿಟ್ಟರು. ಇನ್ನು ನನ್ನನ್ನು ತಡೆಯುವವರಿಲ್ಲ.

"ಹಿಂದೆ ಕಾಗದ ಬರೀವಾಗ ನೆತ್ತಿಯಲ್ಲಿ ಶ್ರೀ ಹಾಕ್ತಿರಲಿಲ್ವಾ? ಶ್ರೀ ಇಲ್ಲ ಅಂದ್ರೆ ಸಾವಿನ ಸುದ್ದಿ, ಓದಿ ಹರಿದು ಬಿಸಾಕೋರು. ಜೀವಕೋಶದ್ದೂ ಅದೇ ಮಡಿ. ನ್ಯೂಕ್ಲಿಯಸ್ಸಿನಲ್ಲಿ ಆರ್‌ಎನ್‌ಎ ಪಾಲಿಮರೇಸ್-2 ಅನ್ನೋ ಗುಮಾಸ್ತ ಡಿಎನ್‌ಎ ಕಡತ ನೋಡ್ಕೊಂಡು ಎಂಆರ್‌ಎನ್‌ಎ ಚೀಟಿ ಬರೀತಾನೆ. ನಾಕಕ್ಷರ ಬೀಳ್ತಿದ್ದ ಹಾಗೇ ಚೀಟಿ ತಲೆಗೊಂದು ಟೋಪಿ. ಅದೇ ಶ್ರೀಕಾರ. ಅದಿದ್ದರೇ ರೈಬೋಸೋಮು ಓದಿ ಪ್ರೊಟೀನ್ ಮಾಡೋದು. ಇಲ್ಲದಿದ್ದರೆ ಚಿಂದಿ."

"ವೈರಸ್ಸಿಗೆ ಸ್ವಂತ ಗುಮಾಸ್ತ ಇಲ್ವಾ?"

"ಇದ್ದಾನೆ. ಅದರ ಎಂಟು ತುಂಡಿನ ಕಡತ ಪೂರ್ತಿ ಆರ್‌ಎನ್‌ಎ, ನಮ್ಮವನಿಗೆ ಓದೋಕೆ ಬರಲ್ಲ. ಅದಕ್ಕೇ ತನ್ನ ಪಾಲಿಮರೇಸನ್ನ ಜೊತೆಗೇ ಕರ್ಕೊಂಡು ಬರುತ್ತೆ. ಆದ್ರೆ ಆ ಮಹಾರಾಯನಿಗೆ ಶ್ರೀ ಬರೆಯೋಕೆ ಬರಲ್ಲ! ನಮ್ಮವನ ಮಗ್ಗುಲಿಗೆ ಅಂಟಿಕೊಂಡು ಕೂತು, ಹೊಸ ಚೀಟಿ ಹೊರಗೆ ಬಂದ ತಕ್ಷಣ ಶ್ರೀ ಸಮೇತ 10ರಿಂದ 13 ಅಕ್ಷರ ಕಚಕ್ಕನೆ ಕತ್ತರಿಸಿ, ಅದರ ಮುಂದಕ್ಕೆ ತನ್ನ ಒಕ್ಕಣೆ ಬರೀತಾನೆ. ಕೊನೆಗೆ ಒಂದೇ ಕಡೆ ತೊದಲಿ ಎ ಎ ಎ ಎ ಅಂತ ಬಾಲ ಎಳೆದು ಮುಗಿಸ್ತಾನೆ."

"ಮೈಕ್ ಸಿಕ್ಕ ಅಧ್ಯಕ್ಷರ ಹಾಗೆ. ಸಿಕ್ಕಿಬೀಳಲಿಲ್ವಾ?"

"1979ರಲ್ಲಿ ಅಮೆರಿಕದ ರಾಬರ್ಟ್ ಕ್ರಗ್ ತಂಡದ ಕೈಗೆ ಸಿಕ್ಕಿಬಿದ್ದ."

ಅಕ್ಕ ಒಂದು ಗಳಿಗೆ ಯೋಚಿಸಿದರು. "ನಮ್ಮ ಗುಮಾಸ್ತನೇ ಬರೆಯೋದು ನಿಲ್ಲಿಸಿದರೆ?"

"ನಿಲ್ಲಿಸೋ ವಿಷ ಒಂದು ಜಾತಿ ಅಣಬೆಯಲ್ಲಿದೆ ಅಕ್ಕ. ಫ್ಲೂ ಬರವಣಿಗೆ ನಿಲ್ಲುತ್ತೆ, ತಿಂದವರ ಉಸಿರೂ ನಿಲ್ಲುತ್ತೆ. ಅದಕ್ಕೇ ಕಳ್ಳನ ಕತ್ತರಿಯನ್ನಷ್ಟೇ ಕಟ್ಟಿಹಾಕೋ ಬಲೋಕ್ಸವಿರ್ ಮಾತ್ರೆ ಬಂತು. 2018ರಲ್ಲಿ, ಜಪಾನಿನಲ್ಲಿ."

"ಕತ್ತರಿ ಅಂದ್ರಲ್ಲ, ನೆನಪಾಯ್ತು. ಗಿಡ ಸವರೋಕೆ ಅಂತ ನಮ್ಮದು ತಗೊಂಡು ಹೋದ್ರಲ್ಲ, ಎಷ್ಟು ದಿನ ಆಯ್ತು ಮೇಷ್ಟ್ರೇ?"

ನನಗೆ ತಟ್ಟನೆ ಕೆಮ್ಮು ಬಂತು.