ಬೋಳುತಲೆಯ ಬೆನ್ನು ಹತ್ತಿದ ಕ್ಯಾಮೆರಾ

2020ರ ಅಕ್ಟೋಬರ್. ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಫುಟ್‌ಬಾಲ್ ಪಂದ್ಯ. ಕೋವಿಡ್ ಕಾಲ, ಗ್ಯಾಲರಿ ಖಾಲಿ. ಅಭಿಮಾನಿಗಳೆಲ್ಲ ಮನೆಯಲ್ಲಿ ಪರದೆಯ ಮುಂದೆ. ಕ್ಯಾಮೆರಾಮನ್‌ಗಳ ಜಾಗಕ್ಕೆ ಬಂದಿದ್ದ, ತಾನೇ ಚೆಂಡು ಹುಡುಕಿ ಹಿಂಬಾಲಿಸುವ ಕ್ಯಾಮೆರಾ ಚೆಂಡು ಬಿಟ್ಟು ಲೈನ್ಸ್‌ಮನ್‌ರ ಬೋಳುತಲೆಯ ಬೆನ್ನು ಹತ್ತಿತು. (ತಲೆಗೆಲ್ಲಿಯ ಬೆನ್ನು ಎಂದು ವ್ಯಾಕರಣದವರು ಕೇಳಬಾರದು.) ಆ ಕ್ಯಾಮೆರಾವನ್ನೇ ಮಾತಿಗೆ ಎಳೆದೆವು.

ಪ್ರಶ್ನೆ: ಏನು ಸ್ವಾಮಿ, ಹೀಗಾಯಿತು?

ಕ್ಯಾಮೆರಾ: ದುಂಡಗಿತ್ತು, ಮಿಂಚುತ್ತಿತ್ತು, ಗೆರೆಯುದ್ದಕ್ಕೂ ಅತ್ತಿಂದಿತ್ತ ಓಡುತ್ತಿತ್ತು. ಚೆಂಡಿನ ಲಕ್ಷಣ ಇನ್ನೇನು? ಆ ದಿನ ಚೆಂಡೇ ಅಷ್ಟು ಚೆಂಡಿನಂತಿರಲಿಲ್ಲ.

ಪ್ರಶ್ನೆ: ಅದರ ಕೆಳಗೆ ಕತ್ತಿತ್ತು. ಕತ್ತಿನ ಕೆಳಗೆ ಮನುಷ್ಯನಿದ್ದ.

ಕ್ಯಾಮೆರಾ: ಅದು ಸಿಲೆಬಸ್‌ನಲ್ಲಿಲ್ಲ. ನಮ್ಮ ಕುಲದವರು ಓದಿ ಬೆಳೆದ ಪಠ್ಯ ಇಮೇಜ್‌ನೆಟ್ ಎಂಬ, ಹೆಸರು ಬರೆದಿಟ್ಟ ಚಿತ್ರಗಳ ಭಂಡಾರ. ಚಿತ್ರ ಗುರುತಿಸುವ ಸ್ಪರ್ಧೆಗೆಂದು ಆರಿಸಿದ 1,000 ಬಗೆ, ಸುಮಾರು 12 ಲಕ್ಷ ಚಿತ್ರ. ನಾಯಿತಳಿಗಳೇ ನೂರಕ್ಕೂ ಹೆಚ್ಚು. ಫುಟ್‌ಬಾಲ್ ಇದೆ. ವಿಗ್ ಕೂಡ ಇದೆ! ಬೋಳುತಲೆ ಮಾತ್ರ ಇಲ್ಲ.

ಪ್ರಶ್ನೆ: ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಹುದಿತ್ತಲ್ಲ?

ಕ್ಯಾಮೆರಾ: ಆ ಕಾಲಮ್ಮೇ ಕೊಟ್ಟಿಲ್ಲ. ಇರುವ ಹೆಸರುಗಳಿಗೇ ನೂರು ಅಂಕ ಹಂಚಿ ಮುಗಿಸಬೇಕು, ಹೆಚ್ಚು ಬಿದ್ದವರಿಗೆ ಕಿರೀಟ. ನಿಮ್ಮ ಮತಯಂತ್ರದಲ್ಲಿ ನೋಟಾ ಇದೆ, ನಮಗೆ ಅದೂ ಇಲ್ಲ.

ಪ್ರಶ್ನೆ: ಮತ್ತೆ ಪ್ರಗತಿ, ಪ್ರಗತಿ ಎಂದು ಡಂಗುರ ಹೊಡೆಯುವುದು?

ಕ್ಯಾಮೆರಾ: ಸುಳ್ಳಲ್ಲ ಅದು. 1966ರಲ್ಲಿ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕ ಸೀಮೋರ್ ಪ್ಯಾಪರ್ಟ್, ಯಂತ್ರಕ್ಕೆ ಕಣ್ಣು ಕೊಡುವ ಕೆಲಸದ ದೊಡ್ಡ ಪಾಲನ್ನು ಒಂದು ಬೇಸಿಗೆಯಲ್ಲಿ ಮಾಡಿ ಮುಗಿಸಿ ಎಂದು ವಿದ್ಯಾರ್ಥಿಗಳಿಗೆ ಹಚ್ಚಿದ್ದರು. ಆ ಬೇಸಿಗೆ ಇನ್ನೂ ಮುಗಿದಿಲ್ಲ, ನಿಜ. ಆದರೆ 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಮೂವರು ತಮ್ಮ ನರಜಾಲದಿಂದ (ನ್ಯೂರಲ್ ನೆಟ್‌ವರ್ಕ್) ಇಮೇಜ್‌ನೆಟ್ ಸ್ಪರ್ಧೆಯ ತಪ್ಪನ್ನು ಶೇ. 15ರ ಆಸುಪಾಸಿಗೆ ಇಳಿಸಿದರು. ಎರಡನೆಯ ಸ್ಥಾನದವರದು ಶೇ. 26. ಅಲ್ಲಿ ಪ್ರತಿ ಚಿತ್ರಕ್ಕೂ ಐದು ಊಹೆಗೆ ಅವಕಾಶ. ಮೈದಾನದಲ್ಲಿ ನನಗೆ ಸಿಕ್ಕಿದ್ದು ಒಂದೇ.

ಪ್ರಶ್ನೆ: ಚೆಂಡು ಯಾವುದು, ತಲೆ ಯಾವುದು ಎಂದು ಮೂರು ವರ್ಷದ ಕೂಸಿಗೂ ತಿಳಿಯುತ್ತದಲ್ಲ?

ಕ್ಯಾಮೆರಾ: ಕೂಸು ಚೆಂಡು ಒದ್ದಿರುತ್ತದೆ, ಅಜ್ಜನ ಬೋಳುತಲೆ ಬಡಿದು ಬೈಸಿಕೊಂಡಿರುತ್ತದೆ. ನನಗೆ ಕೈಯಿಲ್ಲ, ಕಾಲಿಲ್ಲ, ಗದರಲು ಅಜ್ಜನೂ ಇಲ್ಲ. ಇರುವುದು ಬಣ್ಣದ ಚುಕ್ಕೆಗಳು ಮಾತ್ರ.

ಪ್ರಶ್ನೆ: ಪರಿಹಾರ?

ಕ್ಯಾಮೆರಾ: ಲೈನ್ಸ್‌ಮನ್‌ಗೆ ಟೋಪಿ ಹಾಕಿ ಎಂದು ನೋಡುಗರೇ ಸಲಹೆ ಕೊಟ್ಟರಂತೆ.

ಪ್ರಶ್ನೆ: ನೋಡುಗರಿಗೆ ನೀವು ಆಗಲೇ ಹಾಕಿಯಾಗಿತ್ತಲ್ಲ!

ಉತ್ತರ ಬರಲಿಲ್ಲ. ಕ್ಯಾಮೆರಾ ಮೆಲ್ಲಗೆ ಕತ್ತೆತ್ತಿ ಮೇಲೆ ನೋಡತೊಡಗಿತ್ತು. ಚಂದ್ರ ಮೂಡಿದ್ದ.