ತಾಮ್ರನಾಳಗೋಪನ ಮೀಮಾಂಸೆ
ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳನ್ನು ಅನುಲಕ್ಷಿಸಿ ಒಂದು ಅಧ್ಯಯನ

ಪೀಠಿಕೆ

ಭೀಮೆ, ಡೋಣಿ, ಕೃಷ್ಣೆಯರ ನಡುವಿನ ಎರೆ ನೆಲದಲ್ಲಿ ಮನುಷ್ಯ ನೆರಳು ಹುಡುಕತೊಡಗಿದ್ದು ಯಾವಾಗ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆತ ಏಸಿ ಪೈಪು ಮುಚ್ಚತೊಡಗಿದ್ದು ಯಾವಾಗ ಎಂಬ ಬಗ್ಗೆ ಮಾತ್ರ ಯಾವ ಭಿನ್ನಾಭಿಪ್ರಾಯವೂ ಇಲ್ಲ. ಈ ವಿಷಯದಲ್ಲಿ ವಿದ್ವಾಂಸರೇ ಇಲ್ಲ. ಆ ಕೊರತೆ ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನದ ವ್ಯಾಪ್ತಿ ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಗೆ ಸೀಮಿತ. ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಈಚೆಗೆ ಬೇರೆ ತಾಲ್ಲೂಕುಗಳಾಗಿವೆ. ಪೈಪು ಕಂದಾಯ ಇಲಾಖೆಯ ಆದೇಶ ಓದುವುದಿಲ್ಲವಾದ್ದರಿಂದ ಅವನ್ನು ಹಳೆಯ ಲೆಕ್ಕದಲ್ಲೇ ಹಿಡಿಯಲಾಗಿದೆ.

ವಸ್ತು ನಿರ್ದೇಶ

ಒಂದೂವರೆ ಟನ್ನಿನ ಸ್ಪ್ಲಿಟ್ ಏಸಿಗೆ ಸಾಮಾನ್ಯವಾಗಿ ಎರಡು ತಾಮ್ರದ ಪೈಪು: ಒಂದು ಕಾಲು ಇಂಚಿನದು, ಇನ್ನೊಂದು ಅರ್ಧ ಇಂಚಿನದು. ತೆಳುವಾದದ್ದರಲ್ಲಿ ಗ್ಯಾಸು ದ್ರವವಾಗಿ ಒಳಗೆ ಬರುತ್ತದೆ, ಕೋಣೆಯ ಸೆಕೆ ಹೀರಿ ಆವಿಯಾಗಿ ದಪ್ಪನೆಯದರಲ್ಲಿ ಹೊರಡುತ್ತದೆ. ತೆಳ್ಳಗೆ ಬಂದು ದಪ್ಪಗಾಗಿ ಹೋಗುವುದು, ಮದುವೆ ಊಟಕ್ಕೆ ಬಂದ ಬೀಗರ ಹಾಗೆ. ಟನ್ ಎಂದರೆ ಪೆಟ್ಟಿಗೆಯ ತೂಕವಲ್ಲ. ಸುಮಾರು 900 ಕಿಲೋ ಮಂಜುಗಡ್ಡೆ 24 ತಾಸಿನಲ್ಲಿ ಕರಗುವಾಗ ಹೀರುವಷ್ಟು ಶಾಖ ಒಂದು ಟನ್. ಈ ಪೈಪು ಜೋಡಿಗೆ ಒಂದು ವೈರು, ನೀರು ಹೋಗಲು ಒಂದು ಪ್ಲಾಸ್ಟಿಕ್ ಪೈಪು ಸೇರಿ ಬಿಳಿ ಟೇಪಿನಲ್ಲಿ ಸುತ್ತಿಕೊಂಡಾಗ ಪ್ರಸ್ತುತ ಮೀಮಾಂಸೆಯ ವಸ್ತು ಸಿದ್ಧವಾಗುತ್ತದೆ.

ಪೂರ್ವೇತಿಹಾಸ

ಪಾಶ್ಚಾತ್ಯರು ಈ ಶಾಸ್ತ್ರದ ಮೂಲವನ್ನು 1902ಕ್ಕೆ ಒಯ್ಯುತ್ತಾರೆ. ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಕಾಗದ ತೇವ ಹಿಡಿದು ಹಿಗ್ಗುತ್ತಿತ್ತೆಂದು ವಿಲ್ಲಿಸ್ ಕ್ಯಾರಿಯರ್ ಯಂತ್ರ ರೂಪಿಸಿದ. ಅಂದರೆ ಮೊದಲ ತಂಪು ಸಿಕ್ಕಿದ್ದು ಕಾಗದಕ್ಕೆ, ಮನುಷ್ಯನಿಗಲ್ಲ. ನಮ್ಮಲ್ಲಿ ಆ ಹೊತ್ತಿಗೆ ದಪ್ಪ ಮಣ್ಣಿನ ಗೋಡೆ, ಮ್ಯಾಳಿಗಿ ಮನೆ, ಮಜ್ಜಿಗೆ ಮತ್ತು ಇಂಡಿಯ ಲಿಂಬೆ ಚಾಲ್ತಿಯಲ್ಲಿದ್ದವು. ಇವ್ಯಾವುದಕ್ಕೂ ಪೈಪು ಬೇಕಿರಲಿಲ್ಲ. ಹಲಸಂಗಿ ಗೆಳೆಯರು ಅಷ್ಟೊಂದು ತ್ರಿಪದಿ ಕೂಡಿಸಿಯೂ ಕಾಲು ಇಂಚಿನ ಪೈಪಿನ ಮೇಲೆ ಒಂದನ್ನೂ ಬಿಟ್ಟುಹೋಗಿಲ್ಲವೆಂಬುದು ಜಾನಪದ ಲೋಕಕ್ಕಾದ ನಷ್ಟ.

ಪೈಪು ಮುಚ್ಚುವ ಕಲೆಯಲ್ಲಿ ಮಾತ್ರ ಅಗ್ರಪೂಜೆ ಈ ಜಿಲ್ಲೆಗೇ ಸಲ್ಲಬೇಕು. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ವಿಜಯಪುರ ನಗರಕ್ಕೆ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಕೊಳವೆಗಳೆಲ್ಲ ನೆಲದೊಳಗೆ, ಗಾರೆಯ ಹೊದಿಕೆಯೊಳಗೆ. ಆದರೆ ದಾರಿಯುದ್ದಕ್ಕೂ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ಎಲ್ಲರಿಗೂ ಕಾಣುವಂತೆ ಎಬ್ಬಿಸಿದ್ದರು. ನೀರಿನ ಒತ್ತಡ ಅಲ್ಲಿ ತಗ್ಗುತ್ತಿತ್ತು, ಹೂಳು ಅಲ್ಲಿ ಕೂರುತ್ತಿತ್ತು. ಹಾದಿ ಗುಪ್ತ, ಗಂಟು ಬಹಿರಂಗ: ಇದು ಆದಿಲ್‌ಶಾಹಿ ಸಿದ್ಧಾಂತ. ಇದನ್ನು ನೆನಪಿಟ್ಟುಕೊಳ್ಳತಕ್ಕದ್ದು, ಮುಂದೆ ಗೌಂಡಿ ಇದನ್ನೇ ಹೇಳಲಿದ್ದಾನೆ.

ಪಂಥ ವಿಚಾರ

ಗೋಪನ ಪಂಥಗಳು ನಾಲ್ಕು, ತಾಲ್ಲೂಕುಗಳೂ ನಾಲ್ಕು. ಯಾವ ಪಂಥ ಎಲ್ಲಿಯದೆಂಬುದಕ್ಕೆ ಎಳ್ಳಷ್ಟೂ ಆಧಾರ ಇಲ್ಲದ್ದರಿಂದ ಹಂಚಿಕೆ ಬಹಳ ಸಲೀಸಾಯಿತು.

ಬಯಲು ಪಂಥ (ಇಂಡಿ): ಮುಚ್ಚುವುದೇ ಬೇಡ, ಟೇಪು ಸುತ್ತಿ ಬಿಟ್ಟರಾಯಿತು ಎಂಬುದು ಇವರ ನಿಲುವು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಟೇಪು ಹರಿದು, ಒಳಗಿನ ಫೋಮು ಪುಡಿಯಾಗಿ, ಉಳಿದದ್ದನ್ನು ಅಳಿಲು ಗೂಡಿಗೆ ಒಯ್ಯುತ್ತದೆ. ಸೌಂದರ್ಯವಿಲ್ಲ, ಆದರೆ ಎಲ್ಲಿ ಸೋರಿದರೂ ಸಾಬೂನಿನ ನೊರೆ ಹಚ್ಚಿ ಕಂಡುಹಿಡಿಯಬಹುದು.

ಪಟ್ಟಿ ಪಂಥ (ಸಿಂದಗಿ): ಪೈಪಿನ ಮೇಲೆ ಬಿಳಿ ಪಿವಿಸಿ ಪಟ್ಟಿ. ಮಧ್ಯಮಮಾರ್ಗ. ಬೇಕಾದಾಗ ಮುಚ್ಚಳ ತೆಗೆಯಬಹುದು. ಪೈಪು ಕಾಣುವುದಿಲ್ಲ, ಪೈಪು ಮುಚ್ಚಿರುವುದು ಕಾಣುತ್ತದೆ. ಇದನ್ನು ಪಂಥದ ದೌರ್ಬಲ್ಯವೆಂದು ವಿರೋಧಿಗಳು ಎತ್ತಿ ಆಡುತ್ತಾರೆ.

ಝರಿ ಪಂಥ (ಮುದ್ದೇಬಿಹಾಳ): ಗೋಡೆಗೆ ಝರಿ (ಉದ್ದನೆಯ ತೋಡು) ಹೊಡೆದು, ಪೈಪು ಹುಗಿದು, ಗಿಲಾವು, ಪುಟ್ಟಿ, ಬಣ್ಣ. ಮೋಕ್ಷ ಸಂಪೂರ್ಣ. ತೊಡಕು ಕೆಳಗಿನಿಂದ ಬರುತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವಂಥದು, ಅದರ ಮೇಲೆ ನಿಂತ ಗೋಡೆಯೂ ಆಗಾಗ ಬಾಯಿ ಬಿಡುತ್ತದೆ. ಭಾರ ಹೊತ್ತ ಗೋಡೆಗೆ ಅಡ್ಡ ಝರಿ ಹೊಡೆದರೆ ಗೋಡೆ ಸೊರಗುತ್ತದೆಂಬುದನ್ನು ಸಾಧಕರು ವಿರಕ್ತಿಯಿಂದ ಕಾಣುತ್ತಾರೆ.

ಪಿಒಪಿ ಪಂಥ (ಬಸವನ ಬಾಗೇವಾಡಿ): ಫಾಲ್ಸ್ ಸೀಲಿಂಗಿನ ಮೇಲೆ ಒಯ್ಯುವುದು. ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಇದೇ ಹಳೆಯ ತಾಲ್ಲೂಕಿನದಾದ್ದರಿಂದ ಬಿಸಿಗೆ ಅಭಾವವಿಲ್ಲ, ತಂಪಿನ ಚಿಂತನೆ ಎತ್ತರಕ್ಕೇರುವುದು ಸಹಜ. ಪೈಪು ಎತ್ತರಕ್ಕೇರುತ್ತದೆ. ನೀರು ಏರುವುದಿಲ್ಲ.

ಸೂತ್ರಗಳು

ಸೂತ್ರ 1: ನೀರು ಇಳಿಜಾರನ್ನು ಬಿಟ್ಟು ಯಾರ ಮಾತನ್ನೂ ಕೇಳದು. ಭಾಷ್ಯ: ಗೋಡೆಯ ತೂತು ಹೊರಮುಖವಾಗಿ ತುಸು ಕೆಳಕ್ಕೆ ಬಾಗಿರಬೇಕು. ಇಲ್ಲವಾದರೆ ನೀರು ಒಳಮುಖವಾಗಿ ಸಾಧನೆಗೆ ತೊಡಗಿ ಹಾಸಿಗೆಯ ಮೇಲೆ ಸಿದ್ಧಿ ಪಡೆಯುತ್ತದೆ.

ಸೂತ್ರ 2: ಎರಡೂ ಪೈಪಿಗೆ ಬೇರೆ ಬೇರೆ ಫೋಮಿನ ಅಂಗಿ ತೊಡಿಸು. ಭಾಷ್ಯ: ಸ್ಪ್ಲಿಟ್ ಏಸಿಗಳಲ್ಲಿ ಸಾಮಾನ್ಯವಾಗಿ ಗ್ಯಾಸಿನ ಒತ್ತಡ ಇಳಿಯುವುದು ಹೊರಗಿನ ಪೆಟ್ಟಿಗೆಯಲ್ಲೇ, ಹಾಗಾಗಿ ತೆಳುವಾದದ್ದೂ ತಣ್ಣಗೇ ಇರುತ್ತದೆ. ಫೋಮಿನಲ್ಲಿ ಉಳಿತಾಯ ಮಾಡಿದವನ ಗೋಡೆ ಬೆವರುತ್ತದೆ.

ಸೂತ್ರ 3: ಮೂಲೆಯಲ್ಲಿ ಅವಸರ ಬೇಡ. ಭಾಷ್ಯ: ಕೈಯಿಂದ ಗಪ್ಪನೆ ಮಡಚಿದರೆ ತಾಮ್ರ ಚಪ್ಪಟೆಯಾಗಿ ಗ್ಯಾಸಿನ ದಾರಿ ಕಟ್ಟುತ್ತದೆ. ದೊಡ್ಡ ಸುತ್ತಿನಲ್ಲಿ ಬಾಗಿಸತಕ್ಕದ್ದು.

ಸೂತ್ರ 4: ಗಂಟನ್ನು ಹುಗಿಯಬೇಡ. ಭಾಷ್ಯ: ಪೈಪಿನ ನಡುವೆ ಸೋರುವುದು ಅಪರೂಪ, ನಟ್ಟಿನ ಬಳಿ ಸೋರುವುದು ವಾಡಿಕೆ. ಈಗಿನ ಆರ್-32 ಗ್ಯಾಸು ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವಂಥದ್ದು ಬೇರೆ.

ಕ್ಷೇತ್ರಕಾರ್ಯ

ಗೃಹಸ್ಥ ಹಾಗೂ ಗೌಂಡಿಯ ನಡುವಿನ ಈ ಸಂವಾದದಲ್ಲಿ ಶಾಸ್ತ್ರದ ಸಕಲ ರಹಸ್ಯವೂ ಅಡಗಿದೆ.

“ಪೈಪ ಒಟ್ಟ ಕಾಣಬಾರದು ನೋಡಪಾ.”

“ಕಾಣಂಗಿಲ್ರಿ ಸಾವ್ಕಾರ್ರ. ಆದ್ರ ನಟ್ಟಿನ ಜಾಗಾ ಅಷ್ಟ ತೆರದ ಬಿಡೂಣ್ರಿ. ನಾಳೆ ಗ್ಯಾಸ್ ಸೋರಿದ್ರ ಗ್ವಾಡಿ ಒಡೀಬೇಕಾಗ್ತೈತಿ.”

“ನಾಳಿದ್ದು ನಾಳೆ ನೋಡೂಣು. ಮುಚ್ಚು.”

“ಹೊರಗಿನ ಡಬ್ಬಿ ಹಿತ್ತಲದಾಗ ಇಡ್ಲ್ಯಾ? ಅಲ್ಲೇ ಗ್ವಾಡಿ ಹಿಂದ ನೆರಳೈತಿ, ಪೈಪನೂ ಗಿಡ್ಡ ಆಗ್ತೈತಿ.”

“ಏ, ಹಿತ್ತಲದಾಗ ಯಾರ ನೋಡ್ತಾರೋ? ಮುಂದ ಹಾಕು, ರಸ್ತೆಗೆ ಕಾಣಂಗ.”

ಪೂರ್ವಪಕ್ಷ, ಸಿದ್ಧಾಂತ

ಪೈಪು ಅಸಹ್ಯ, ಆದ್ದರಿಂದ ಮುಚ್ಚುತ್ತೇವೆ ಎಂಬುದು ಪೂರ್ವಪಕ್ಷ. ಇದು ನಿಲ್ಲದು. ಹಿತ್ತಲಿಗೆ ಹೋಗಬೇಕಿದ್ದ ಪೆಟ್ಟಿಗೆ ಬೀದಿಗೆ ಬಂದದ್ದರಿಂದಲೇ ಪೈಪು ಪಡಸಾಲೆ ದಾಟಿ, ದೇವರ ಕೋಣೆ ಬಳಸಿ, ಮುಂಬಾಗಿಲ ಮೇಲೆ ಹಾಯಬೇಕಾಯಿತು. ಏಸಿಯ ಜತೆ ಸಾಮಾನ್ಯವಾಗಿ ಬರುವ 3 ಮೀಟರ್ ಪೈಪು ಸಾಲದೆ, ಮುಂದಿನದಕ್ಕೆ ಅಡಿ ಲೆಕ್ಕದಲ್ಲಿ ದುಡ್ಡು ತೆತ್ತು, ಉದ್ದ ಹೆಚ್ಚಿದ್ದಕ್ಕೆ ಮೇಲೆ ಗ್ಯಾಸು ತುಂಬಿಸಿ, ಕಡೆಗೆ ಅದಷ್ಟನ್ನೂ ಗಾರೆಯೊಳಗೆ ಹುಗಿಯಲಾಯಿತು. ಆದ್ದರಿಂದ ಸಿದ್ಧಾಂತ ಇಷ್ಟು: ಮುಚ್ಚಬೇಕಾದ ಪೈಪಿನ ಉದ್ದವು ತೋರಿಸಬೇಕೆಂಬ ಆಸೆಯ ಉದ್ದಕ್ಕೆ ಸಮ.

ಮುಂದಿನ ಸಂಶೋಧನೆಗೆ ದಾರಿ

ಗಿಲಾವು ಹಾಕುವ ಮುನ್ನ ಝರಿಯ ಫೋಟೊ ತೆಗೆದಿಟ್ಟುಕೊಳ್ಳುವುದು ಮೊದಲ ಶಿಫಾರಸು. ಮುಂದೆ ಕ್ಯಾಲೆಂಡರಿಗೆ ಮೊಳೆ ಹೊಡೆಯುವವನಿಗೆ ಇದೇ ಮೂಲ ಆಕರ. ಇನ್ನು, ಕೋಣೆಯಿಂದ ತೆಗೆದ ಸೆಕೆಯನ್ನು ಹೊರಗಿನ ಪೆಟ್ಟಿಗೆ ನೇರ ನೆರೆಮನೆಯ ಕಿಟಕಿಗೆ ಊದುತ್ತದಲ್ಲ, ಅದನ್ನು ಮುಚ್ಚುವ ಪಟ್ಟಿ ಪೇಟೆಗೆ ಬಂದಿಲ್ಲ. ನೆರೆಯವರೂ ಒಂದು ಏಸಿ ಹಾಕಿಸುವುದೇ ಇದಕ್ಕೆ ಪರಿಹಾರವೆಂದು ಏಸಿ ಮಾರುವವರು ಅಭಿಪ್ರಾಯಪಡುತ್ತಾರೆ. ಅದನ್ನೂ ರಸ್ತೆಗೆ ಕಾಣುವಂತೆ ಹಾಕಬೇಕೆಂಬುದು ನೆರೆಯವರ ತಿದ್ದುಪಡಿ.